ನಾಲ್ಕನೇ ಬ್ರೌಸರಿನ ಕೆಂಪು ಚೌಕ

ನಮ್ಮ ಟೆಸ್ಟರ್‌ಗೆ ಕೆಂಪುರಾಯ ಎಂದು ಹೆಸರಿಟ್ಟವಳು ನಾನೇ. ನಾನು ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಪೇಜ್ ಕಟ್ಟುತ್ತಿದ್ದೆ. ಅದು ನಾಲ್ಕು ಬ್ರೌಸರುಗಳಲ್ಲೂ ಒಂದೇ ಥರ ತೆರೆದುಕೊಳ್ಳುತ್ತದೆಯೇ ಎಂದು ನೋಡುವುದು ಅವನ ಕೆಲಸ. ನೋಡಿ, ಗೋಡೆಯ ಮೇಲಿನ ದೊಡ್ಡ ಪಟ್ಟಿಗೆ ಬಣ್ಣ ಹಚ್ಚುತ್ತಿದ್ದ. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನನ್ನ ಪೇಜಿನ ಸಾಲಿನಲ್ಲಿ ನಾಲ್ಕನೇ ಚೌಕ ಮೂರು ವಾರದಿಂದ ಕೆಂಪಗೇ ಕುಳಿತಿತ್ತು.

"ಬಟನ್ ಹೋಗಿ ಚಿತ್ರದ ಕೆಳಗೆ ಸೇರ್ಕೊಳ್ತಿದೆ," ಅನ್ನುತ್ತಿದ್ದ, ಕನ್ನಡಕವನ್ನು ಹಣೆಗೇರಿಸಿ. "ಇನ್ನೊಂದ್ಸಲ ನೋಡ್ತೀನಿ. ಸ್ವಲ್ಪ ತಡ್ಕೊಳ್ಳಿ."

ತಡೆದುಕೊಳ್ಳುವುದು ನನ್ನ ಜಾಯಮಾನವಲ್ಲ. ಮನೆಗೆ ಹೋಗಿ ಅಕ್ಕನ ಮುಂದೆ ಹರಿಹಾಯ್ದೆ. "ಪಟ್ಟಿ ಮೇಲಿನ ಅವನ ಕೈಬರಹ ಮುತ್ತು ಪೋಣಿಸಿದ ಹಾಗಿದೆ, ಒಪ್ಕೊಳ್ತೀನಿ. ಆದ್ರೆ ಮನುಷ್ಯ ಮಾತ್ರ ಮಹಾ ಹಟಮಾರಿ."

"ಕೈಬರಹದವರೆಗೂ ಹೋಗಿದ್ಯಾ?" ಎಂದು ಅಕ್ಕ ಬಟ್ಟೆ ಮಡಿಸುತ್ತ ನಕ್ಕಳು.

ಆ ನಗುವಿಗೆ ಸಿಟ್ಟು ಬಂತೋ, ಅವಳು ಹೇಳಿದ್ದು ನಿಜವೆಂದು ಸಿಟ್ಟು ಬಂತೋ, ಮರುದಿನ ಮ್ಯಾನೇಜರಿಗೆ ದೂರು ಬರೆದೇಬಿಟ್ಟೆ: ಬೇಕೆಂದೇ ತಡ ಮಾಡುತ್ತಿದ್ದಾರೆ, ಬೇರೆ ಟೆಸ್ಟರ್ ಕೊಡಿ. ಮಧ್ಯಾಹ್ನಕ್ಕೆ ಉತ್ತರ ಬಂತು. ಸೋಮವಾರದಿಂದ ಅವನು ಮೇಲಿನ ಮಹಡಿಯ ತಂಡಕ್ಕೆ. ನನ್ನ ದೂರು ಇಂದು ಸಂಜೆ ಅವನ ಫೈಲಿಗೆ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಲ್ಯಾಪ್‌ಟಾಪ್ ಎತ್ತಿಕೊಂಡು ಅವನ ಮೇಜಿಗೆ ಹೋದೆ. ಪರದೆಯ ಮೇಲೆ ನನ್ನದೇ ಕೋಡ್ ಇತ್ತು. ಸಾವಿರ ಸಾಲನ್ನು ಸೋಸಿ ಸೋಸಿ, ಎಡವಟ್ಟಾಗುವ ಹನ್ನೊಂದು ಸಾಲಿಗೆ ಇಳಿಸಿದ್ದ. ಎಷ್ಟು ಚೊಕ್ಕ ಕೆಲಸ ಅದು. ನನ್ನ ಕೈಲಿ ಆಗುತ್ತಿರಲಿಲ್ಲ.

"ನಿಮಗೇ ಹೇಳೋಣ ಅಂತಿದ್ದೆ," ಅಂದ. "ಆ ಬ್ರೌಸರ್ ಮಾಡಿದವರು ಇವತ್ತು ಒಪ್ಕೊಂಡ್ರು. ಎಲ್ಲ ಬ್ರೌಸರೂ ಪಾಲಿಸಬೇಕಾದ ವೆಬ್ ಮಾನದಂಡ ಏನು ಹೇಳುತ್ತೋ ನೀವು ಬರೆದಿರೋದು ಅಕ್ಷರಶಃ ಅದನ್ನೇ. ಮೂರು ಬ್ರೌಸರ್ ಅದನ್ನ ಪೂರ್ತಿ ಕಲಿತಿವೆ, ನಾಲ್ಕನೇದು ಅರ್ಧ ಕಲಿತಿದೆ. ಮುಂದಿನ ಆವೃತ್ತಿಯಲ್ಲಿ ಸರಿ ಮಾಡ್ತಾರಂತೆ."

"ಹಾಗಾದ್ರೆ ನನಗ್ಯಾಕೆ ಕೆಂಪು?"

"ನಿಮಗೆಲ್ಲಿ ಕೊಟ್ಟೆ? ಪಟ್ಟಿಯ ತಲೆಬರಹ ಓದ್ಲಿಲ್ವಾ? ಅದು ಬ್ರೌಸರುಗಳ ಅಂಕಪಟ್ಟಿ."

ಮೂರು ವಾರ ಆ ಗೋಡೆಯ ಮುಂದೆ ಓಡಾಡಿಯೂ ನನ್ನ ಸಾಲೊಂದನ್ನೇ ಓದಿದ್ದೆ. ಬ್ರೌಸರ್ ಮಾಡಿದವರಿಗೆ ಅವನು ಕಳಿಸಿದ ಪತ್ರವೂ ಪರದೆಯ ಮೇಲಿತ್ತು. ಅದರಲ್ಲಿ 'ದೋಷ ಕಂಡುಹಿಡಿದವರು' ಎಂಬಲ್ಲಿ ನನ್ನ ಹೆಸರಿತ್ತು. ಅವನ ಹೆಸರು ಎಲ್ಲೂ ಇರಲಿಲ್ಲ. ಇಂಥವನ ಮೇಲೆ ಚಾಡಿ ಹೇಳಿದೆನಲ್ಲ ಎಂದು ನಾಚಿಕೆಯಾಯಿತು.

"ನಿಮ್ಮ ಮೇಲೆ ದೂರು ಕೊಟ್ಟಿದ್ದು ನಾನು," ಅಂದೆ. "ಈಗ್ಲೇ ವಾಪಸ್ ತಗೋತೀನಿ."

"ಗೊತ್ತು, ಮ್ಯಾನೇಜರ್ ಆಗ್ಲೇ ಹೇಳಿದ್ರು. ದೂರು ತಗೊಳ್ಳಿ. ಮೇಲಿನ ತಂಡಕ್ಕೆ ಹೋಗೋದು ಮಾತ್ರ ಹಾಗೇ ಇರ್ಲಿ."

"ನನ್ನ ಸಹವಾಸ ಅಷ್ಟು ಸಾಕಾಯ್ತಾ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೊಮ್ಮೆ ಒರೆಸಿದ. "ಟೆಸ್ಟರ್ ಪಕ್ಷಪಾತ ಮಾಡಬಾರದು. ನಿಮ್ಮ ಕೋಡ್ ಓದ್ತಾ ಓದ್ತಾ ನನಗೆ ನಿಮ್ಮ ಮೇಲೆ ಮನಸ್ಸಾಗಿಬಿಟ್ಟಿದೆ. ಇನ್ನು ನಿಮ್ಮ ಪೇಜಿಗೆ ನಾನು ತೀರ್ಪು ಹೇಳೋದು ನ್ಯಾಯ ಅಲ್ಲ."

ಅಲ್ಲೇ ಕುಳಿತು ಮ್ಯಾನೇಜರಿಗೆ ಟೈಪ್ ಮಾಡಿದೆ: 'ಅವರದೇನೂ ತಪ್ಪಿಲ್ಲ, ದುಡುಕಿದ್ದು ನಾನು. ಆದರೂ ಅವರನ್ನು ಬೇರೆ ತಂಡಕ್ಕೇ ಕಳಿಸಿ. ನನಗೆ ಅವರೆಂದರೆ ಪ್ರೀತಿ.'

"ನೋಡಿ, ಸರಿಯಿದ್ಯಾ?" ಎಂದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ.

ನಿಧಾನವಾಗಿ ಎರಡು ಸಲ ಓದಿದ. ಆಮೇಲೆ ಕೊನೆಯ ವಾಕ್ಯವನ್ನು ಅಳಿಸಿಬಿಟ್ಟ. ಆ ಜಾಗದಲ್ಲಿ ಅವನು ಬರೆದ: 'ನಾವಿಬ್ಬರೂ ಮದುವೆಯ ಯೋಚನೆಯಲ್ಲಿದ್ದೇವೆ.'

"ಕಳಿಸ್ಲಾ?" ಎಂದ, ನನ್ನ ಮುಖ ನೋಡುತ್ತ. ಬೆರಳು ಕೀಲಿಯ ಮೇಲೆ ಕಾಯುತ್ತಿತ್ತು.

ಆ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.