ಹಸಿವಿನ ಅಳು

"ಅಮ್ಮಾ, ಹೋಗ್ಬೇಡ!" ವೆನಿಂಗ್ ಬಾಗಿಲಿಗೆ ಅಡ್ಡ ನಿಂತಳು.

ಪಕ್ಕದ ಮನೆಯಲ್ಲಿ ಮುರ್ನಿ ಅಕ್ಕನ ಮಗು ಗಿಲಾಂಗ್ ಕಿರುಚಿ ಅಳುತ್ತಿತ್ತು. ಬಾಟಿಕ್ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಬಳ್ಳಿ ಬರೆಯುತ್ತಿದ್ದ ಅಮ್ಮ ದಡಕ್ಕನೆ ಎದ್ದಿದ್ದಳು. ಬಟ್ಟೆಯ ನಟ್ಟನಡುವೆ ಮೇಣದ ದೊಡ್ಡ ಹನಿ ಬಿದ್ದಿತ್ತು. ಅಯ್ಯೋ, ಮೂರು ವಾರದ ಕೆಲಸ! ಅಮ್ಮ ಅತ್ತ ತಿರುಗಿಯೂ ನೋಡಲಿಲ್ಲ.

"ದಾರಿ ಬಿಡೇ. ಅದು ಹಸಿವಿನ ಅಳು."

"ನಿಂಗೆ ಹೆಂಗೊತ್ತು? ಬೆಳಿಗ್ಗೆಯಿಂದ ಹೋಂವರ್ಕ್ ನೋಡು ಅಂತ ಮೂರು ಸಲ ಕರ್ದೆ. ನಾನು ಕರೆದಿದ್ದು ಕೇಳ್ಸಲ್ಲ, ಅವನು ಅತ್ತಿದ್ದು ಮಾತ್ರ ಕೇಳ್ಸುತ್ತೆ!"

ಅಮ್ಮ ಮಗಳ ತಲೆ ಸವರಿದಳು. "ನೀನು ಹುಟ್ಟೋಕ್ ಮುಂಚೆ ನಂಗೂ ಎಲ್ಲ ಅಳು ಒಂದೇ ಗಲಾಟೆ ಕಣೇ. ಕಿವಿಗೆ ದಿಂಬು ಒತ್ಕೊಂಡು ಮಲಗ್ತಿದ್ದೆ. ನೀನು ಬಂದ್ಮೇಲೆ ಹಂಗೆ ಮಲಗೋಕೆ ಆಗ್ತಾನೇ ಇಲ್ಲ."

ಅಮ್ಮನ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ವೆನಿಂಗಳ ತಮ್ಮ ದಾನು ಹುಟ್ಟಿದ ಹದಿನೆಂಟನೇ ದಿನ ತೀರಿಹೋಗಿದ್ದ. ಅವನು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಕುಡಿಯುವವನು ಹೋದರೂ ಹಾಲು ನಿಂತಿರಲಿಲ್ಲ.

"ಮುರ್ನಿಗೆ ಜ್ವರ, ಪಾಪ. ಎದೇಲಿ ಹಾಲೇ ಇಲ್ಲ."

"ನೀನು ಕುಡಿಸ್ತಾ ಬಂದ್ರೆ ಅವನು ನಂಗೆ ತಮ್ಮ ಆಗ್ಬಿಡ್ತಾನೆ!"

ಅವರ ಓಣಿಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತಿದ್ದ ಮಾತು ಅದು. ಒಂದೇ ತಾಯಿಯ ಹಾಲು ಕುಡಿದು ಬೆಳೆದವರು ಸಾಯುವ ತನಕ ಅಕ್ಕ ತಮ್ಮಂದಿರು.

"ನಂಗೆ ಬೇರೆ ತಮ್ಮ ಬೇಡ. ದಾನೂನೇ ಬೇಕು," ಎನ್ನುತ್ತಾ ವೆನಿಂಗ್ ಕಣ್ಣೊರೆಸಿಕೊಂಡಳು.

"ನಂಗೂ ಅವನೇ ಬೇಕು," ಎಂದಳು ಅಮ್ಮ. "ಆದ್ರೆ ಈಗ ಅಳ್ತಿರೋನು ಇವನು."

ಅವಳು ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟಳು. ವೆನಿಂಗ್ ಮೂಗೊರೆಸಿಕೊಳ್ಳುತ್ತ ಹಿಂದೆಯೇ ಹೋದಳು.

ಮುರ್ನಿ ಅಕ್ಕ ಚಾಪೆಯ ಮೇಲೆ ನಡುಗುತ್ತಾ ಕುಳಿತಿದ್ದಳು. "ಅಕ್ಕಾ, ನಿಮ್ಮನ್ನ ಯಾವ ಬಾಯಲ್ಲಿ ಕೇಳ್ಲಿ? ಅದಕ್ಕೇ ಕರೀಲಿಲ್ಲ."

"ಸಾಕು ಸುಮ್ನಿರು. ಕೊಡು ಇಲ್ಲಿ."

ಅಮ್ಮ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಅಳು ನಿಂತಿತು. ಮಗು ಗುಟುಕು ಗುಟುಕಾಗಿ ಕುಡಿಯತೊಡಗಿತು. ಅಮ್ಮನ ಕೆನ್ನೆ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ನಿಧಾನ ಕಂದಾ, ನಿಧಾನ. ಯಾರೂ ಕಿತ್ಕೊಳಲ್ಲ, ದಾನು."

ವೆನಿಂಗ್ ತಟ್ಟನೆ ತಲೆಯೆತ್ತಿದಳು. ಮುರ್ನಿ ಅಕ್ಕನೂ ಕೇಳಿಸಿಕೊಂಡಿದ್ದಳು. ಅಮ್ಮನಿಗೆ ಮಾತ್ರ ತಾನು ಅಂದದ್ದು ಗೊತ್ತಾಗಿರಲಿಲ್ಲ.

'ಅಮ್ಮಾ, ಇವನು ಗಿಲಾಂಗ್' ಎಂಬ ಮಾತು ವೆನಿಂಗಳ ನಾಲಿಗೆ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಅಮ್ಮನ ಹಿಂದೆ ಹೋಗಿ, ಆ ಬೆನ್ನಿಗೆ ಕೆನ್ನೆಯಿಟ್ಟು, ಮಗು ಕುಡಿದು ಮುಗಿಸುವವರೆಗೂ ಕುಳಿತಳು.