ಡೆಸ್ಕಿನ ಮೇಲೆ ತಟ್ಟಿದ ತಾಳ

ಮಕ್ಕಳನ್ನು ಬಿಸಿಲಲ್ಲಿ ಓಡಿಸಿ, ತಾನು ಮರದ ನೆರಳಲ್ಲಿ ನಿಂತು ಸೀಟಿ ಊದುವ ನಮ್ಮ ಪಿ.ಟಿ. ಮೇಷ್ಟ್ರು ಶುದ್ಧ ಸೋಮಾರಿ ಎಂದೇ ನಾನು ತಿಳಿದಿದ್ದೆ. ಆ ಸೋಮಾರಿಯನ್ನು ಸ್ಟಾಫ್ ರೂಮಿನ ಕಿಟಕಿಯಿಂದ ದಿನವೂ ನೋಡುತ್ತಿದ್ದೆ ಎಂಬುದು ಬೇರೆ ಮಾತು.

"ನೀವೂ ಒಂದು ರೌಂಡ್ ಓಡಬಾರದಾ ಸರ್?"

"ಓಡಿದ್ರೆ ನೀವು ಬೈಯೋದು ನಿಂತುಹೋಗುತ್ತಲ್ಲ ಟೀಚರ್." ಮೀಸೆಯಂಚಲ್ಲಿ ನಗು. ಕಣ್ಣು ಮಾತ್ರ ನನ್ನ ಮೇಲಿಂದ ಕದಲುತ್ತಿರಲಿಲ್ಲ.

ನಾನು ಐದನೇ ಕ್ಲಾಸಿಗೆ ಆರೋಗ್ಯದ ಪಾಠ ಮಾಡುವವಳು. ಚಿಪ್ಸ್ ಪ್ಯಾಕೆಟ್ಟಿನ ಹಿಂದೆ ಉಪ್ಪು ಎಷ್ಟೆಂದು ಬರೆದಿರುವುದನ್ನು ಓದಿಸುತ್ತೇನೆ, ಬೇಗ ಮಲಗಿ ಎನ್ನುತ್ತೇನೆ. ಪಾಠದ ಕೊನೆಗೆ ಒಬ್ಬರು ಇನ್ನೊಬ್ಬರ ಮಣಿಕಟ್ಟು ಹಿಡಿದು, ನಾಡಿ ಮಿಡಿದಂತೆಲ್ಲ ಡೆಸ್ಕಿನ ಮೇಲೆ ಬೆರಳಲ್ಲಿ ತಟ್ಟಬೇಕು. ಕಣ್ಣಿಗೆ ಕಾಣದ ಹೃದಯ ಹಾಗೆ ಕಿವಿಗೆ ಬೀಳುತ್ತದೆ.

ಆ ದಿನ ಅವರನ್ನೇ ಕ್ಲಾಸಿಗೆ ಕರೆದೆ. "ಆಟ ಆಡಿ ಬೆಳೆದವರ ಹೃದಯ ಹೇಗೆ ಬಡಿಯುತ್ತೆ, ಕೇಳಿ," ಎಂದೆ. ಅವರು ಹಿಂಜರಿದರು. ಮಕ್ಕಳು ಬಿಡಬೇಕಲ್ಲ! ಮೊದಲ ಬೆಂಚಿನ ಎರಡು ಜಡೆಯ ಹುಡುಗಿ ಅವರ ಮಣಿಕಟ್ಟು ಹಿಡಿದು ತಟ್ಟತೊಡಗಿದಳು. ಟಕ್, ಟಕ್. ಆಮೇಲೆ ಏನೂ ಇಲ್ಲ. ಮತ್ತೆ ಟಕಟಕ, ಎರಡು ಒಟ್ಟಿಗೆ. ಕ್ಲಾಸೆಲ್ಲ ಗೊಳ್ಳೆಂದಿತು.

"ಬೆರಳು ಸರಿಯಾಗಿ ಇಡು ಪುಟ್ಟೀ."

"ಸರಿಯಾಗೇ ಇಟ್ಟಿದೀನಿ ಮಿಸ್!"

ನಾನೇ ಹಿಡಿದೆ. ಆ ಕೈ ಮುಟ್ಟಲು ಎಷ್ಟು ನೆಪ ಹುಡುಕಿದ್ದೆ! ನನ್ನ ಬೆರಳಿನಡಿ ನಾಡಿ ಎಡವಿತು, ನಿಂತಿತು, ಗಾಬರಿಯಾದಂತೆ ಓಡಿಬಂತು. ತಲೆಯೆತ್ತಿದೆ. ಮಕ್ಕಳ ಮುಂದೆ ಬೇಡ ಎಂದವು ಅವರ ಕಣ್ಣುಗಳು.

"ಸರ್ ತಮಾಷೆ ಮಾಡ್ತಿದಾರೆ," ಎಂದುಬಿಟ್ಟೆ. ಹುಡುಗಿ ಮುಖ ಊದಿಸಿಕೊಂಡಳು.

ಬೆಲ್ ಹೊಡೆದು ಮಕ್ಕಳು ಹೋದ ಮೇಲೆ ಅವರು ಆ ಪುಟ್ಟ ಬೆಂಚಿನಲ್ಲೇ ಮಂಡಿ ಮಡಚಿ ಕೂತರು.

"ನಮ್ಮಪ್ಪನಿಗೂ ಇದೇ ಇತ್ತು. ಹೃದಯದ ಸ್ನಾಯುವೇ ಸೋಲ್ತಾ ಬರುತ್ತೆ. ನಾನೂ ಔಷಧಿಯಲ್ಲಿ ಇಷ್ಟು ದಿನ ತಳ್ಳಿದೆ. ಈಗ ಡಾಕ್ಟರೂ ಕೈಚೆಲ್ಲಿದಾರೆ. ಈ ವಾರ ಕೆಲಸ ಬಿಟ್ಟು ಅಕ್ಕನ ಮನೆಗೆ ಹೋಗ್ತಿದೀನಿ."

"ನಾನೂ ಬರ್ತೀನಿ." ಇಷ್ಟು ದಿನ ನುಂಗಿಕೊಂಡ ಮಾತು ಇಷ್ಟು ಚಿಕ್ಕದಾಗಿ ಹೊರಬಿತ್ತು.

"ಬೇಡ. ಅಪ್ಪನ ಉಸಿರು ಕಾಯ್ತಾನೇ ನಮ್ಮಮ್ಮ ಮುದುಕಿ ಆದಳು. ನಿಮಗೋ, ಕ್ಲಾಸಿನ ಮಗು ಕೆಮ್ಮಿದ್ರೂ ಗಾಬರಿ."

ನಾನು ಹಾಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆಗಲೇ ನನ್ನ ಕಣ್ಣು ಅವರ ಎದೆಯ ಏರಿಳಿತವನ್ನು ಕಾಯುತ್ತಿತ್ತು. ಅವರು ಅದನ್ನು ನೋಡಿದರು.

"ಓಡಿ, ಹೃದಯ ಗಟ್ಟಿಯಾಗುತ್ತೆ ಅಂತ ಮಕ್ಕಳಿಗೆ ಇನ್ಯಾವ ಬಾಯಲ್ಲಿ ಹೇಳಲಿ?" ಎಂದೆ.

"ಹೇಳಿ ಟೀಚರ್. ನನ್ನದು ಹುಟ್ಟುತ್ತಲೇ ಬಂದದ್ದು. ಅವರದ್ದು ಇನ್ನೂ ಅವರ ಕೈಲಿದೆ." ಕೈ ಚಾಚಿದರು. "ಸ್ವಲ್ಪ ಹೊತ್ತು ಹಿಡ್ಕೊಳ್ಳಿ. ನಾಡಿ ನೋಡೋಕಲ್ಲ."

ಹಿಡಿದುಕೊಂಡೆ. ನಾಡಿ ಸಿಗದ ಹಾಗೆ, ಬೆರಳಿಗೆ ಬೆರಳು ಹೆಣೆದು.

ಮುಂದಿನ ವಾರ ಮರದ ನೆರಳು ಖಾಲಿಯಿತ್ತು. ಕ್ಲಾಸಿನಲ್ಲಿ ಎರಡು ಜಡೆಯವಳ ಬಳಿ ಹೋಗಿ, "ಪುಟ್ಟೀ, ಅವತ್ತು ನೀನು ತಟ್ಟಿದ್ದೇ ಸರಿ," ಎಂದೆ.

"ಹಾಗಾದ್ರೆ ಸರ್ ತಮಾಷೆ ಮಾಡ್ಲಿಲ್ವಾ ಮಿಸ್?"

"ಇಲ್ಲ."

ಮಕ್ಕಳು ಒಬ್ಬರಿನ್ನೊಬ್ಬರ ಕೈ ಹಿಡಿದು ತಟ್ಟತೊಡಗಿದರು. ಕೋಣೆಯ ತುಂಬ ಟಕ್, ಟಕ್, ಟಕ್. ಒಂದೂ ಎಡವಲಿಲ್ಲ. ನಾನು ಗೋಡೆಗೊರಗಿ, ಎಡವುವ ಆ ಒಂದಕ್ಕಾಗಿ ಕಿವಿಗೊಟ್ಟು ನಿಂತೆ.