ಫೋಟೋದಲ್ಲಿ ಇಲ್ಲದ ಅಜ್ಜಿ

ಪೇಪರಿನಲ್ಲಿ ನನ್ನ ಮುಖ ಬಂದದ್ದು ಅದೇ ಮೊದಲು. ಹಿಂದೆ ಧಗಧಗ ಉರಿಯುವ ಮನೆ, ಮುಂದೆ ಹೆಲ್ಮೆಟ್ ತೊಟ್ಟು ಹಲ್ಲು ಕಿರಿಯುತ್ತಿರುವ ನಾನು. ಮೇಲೆ ದಪ್ಪಕ್ಷರದಲ್ಲಿ: ‘ಮನೆ ಸುಡುತ್ತಿದ್ದರೆ ಅಗ್ನಿಶಾಮಕ ಸಿಬ್ಬಂದಿಗೆ ನಗು!’ ಊರೆಲ್ಲ ಛೀ ಥೂ ಅಂದಿತು. ಇಲಾಖೆ ವಿಚಾರಣೆಗೆ ಕರೆಯಿತು. ಆ ಮನೆಯವರು ಒಂದು ದೂರು ಕೊಟ್ಟರೆ ಸಾಕು, ನನ್ನ ಕೆಲಸಕ್ಕೆ ಎಳ್ಳುನೀರು.

ಮರುದಿನ ಠಾಣೆಯ ಅಂಗಳದಲ್ಲಿ ಪೈಪು ಒಣಹಾಕುತ್ತಿದ್ದಾಗ ಆ ಮನೆಯವಳೇ ಬಂದಳು. ಹಲ್ಲಿನ ಡಾಕ್ಟರು, ಬಿಳಿ ಕೋಟು ಬಿಚ್ಚುವಷ್ಟೂ ವ್ಯವಧಾನವಿರಲಿಲ್ಲ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು. ಅಯ್ಯೋ, ಇಂಥ ಹೊತ್ತಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಗಬೇಕೆ!

“ಏನ್ರೀ, ನಮ್ಮಜ್ಜಿ ಒಳಗೆ ಸಾಯ್ತಿದ್ರೆ ನಿಮಗೆ ಮೂವತ್ತೆರಡು ಹಲ್ಲೂ ತೋರಿಸೋಷ್ಟು ಖುಷಿಯಾ?”

“ಅಜ್ಜಿ ಒಳಗಿರ್ಲಿಲ್ಲ ಮೇಡಂ, ನನ್ನ ತೋಳಲ್ಲಿದ್ರು. ಪೇಪರ್‌ನವರು ಫೋಟೋನ ನನ್ನ ಎದೆಮಟ್ಟಕ್ಕೆ ಕತ್ತರಿಸಿದಾರೆ, ಅಷ್ಟೆ.”

ಅವಳು ಕೈಯಲ್ಲಿದ್ದ ಪೇಪರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಸರಿ, ಹೊತ್ಕೊಂಡ್ ಬಂದ್ರಿ. ನಗು ಯಾಕೆ?”

“ಹೊತ್ತು ತರುವಾಗ ಮಾತಾಡಿಸ್ತಾನೇ ಇರ್ಬೇಕು, ಪ್ರಜ್ಞೆ ತಪ್ಪಬಾರದು ಅಂತ. ಅವರೇನೋ ಅಂದ್ರು, ನಗು ಬಂತು.”

“ಏನಂದ್ರು?”

ನಾನು ಮತ್ತೆ ಪೈಪು ಹರವತೊಡಗಿದೆ. ಸಾಹೇಬರು ಕೇಳಿದಾಗಲೂ ಹೇಳಿರಲಿಲ್ಲ. ಹೇಳಿದ್ದರೆ ಒಬ್ಬ ಹೆಣ್ಣುಮಗಳ ವಿಷಯ ನಾಳೆ ಪೇಪರಿಗೆ ಬರುತ್ತಿತ್ತು.

“ಬಾಯಿಗೆ ಬೀಗ ಬಿತ್ತಾ?” ಅವಳು ಪೇಪರನ್ನು ಮುದುಡಿ ಹಿಡಿದಳು. “ಹೊಗೆ ಕುಡಿದು ಅಜ್ಜಿಗೆ ಗಂಟಲೇ ಕಟ್ಟಿದೆ. ಮಾತು ಬರ್ಲಿ, ಕೇಳ್ತೀನಿ. ನೀವು ಹೇಳಿದ್ದು ಸುಳ್ಳಾಗಿದ್ರೆ ದೂರು ಕೊಡೋಳು ನಾನೇ.”

ಆ ವಾರವೆಲ್ಲ ಕೆಲಸ ಹೋಗುವ ಭಯಕ್ಕಿಂತ, ಅವಳು ನನ್ನನ್ನು ಅಂಥವನು ಅಂದುಕೊಂಡಿದ್ದಾಳಲ್ಲ ಎಂಬುದೇ ಹೆಚ್ಚು ಸುಡುತ್ತಿತ್ತು.

ವಿಚಾರಣೆಯ ದಿನ ಬೆಳಿಗ್ಗೆ ಅವಳು ಮತ್ತೆ ಬಂದಳು. ಕೈಯಲ್ಲಿ ದೂರು ಇರಲಿಲ್ಲ. ಮೂಗಿನ ತುದಿ ಮಾತ್ರ ಈಗಲೂ ಕೆಂಪು.

“ಅಜ್ಜಿಗೆ ಮಾತು ಬಂತು,” ಅಂದಳು. “ಮನೇಲಿ ಯಾರ್ಯಾರಿದಾರೆ ಅಂತ ಕೇಳಿದ್ರಂತೆ ನೀವು.”

“ಹೂಂ.”

“‘ಮೊಮ್ಮಗಳೊಬ್ಬಳಿದಾಳೆ ಕಣಪ್ಪ. ಅವಳ ಬಾಯಿ ಜೋರು, ನೋಡೋಕೆ ಬಂದ ಗಂಡುಗಳೆಲ್ಲ ಓಡಿಹೋಗ್ತಾರೆ. ನೀನು ಬೆಂಕಿಗೇ ಹೆದರದವನು, ಮದುವೆ ಆಗ್ತೀಯಾ?’ ಅಂದ್ರಂತೆ.”

ನಾನು ತಲೆ ತಗ್ಗಿಸಿದೆ. ಕಿವಿಯೆಲ್ಲ ಬಿಸಿಯಾಗಿತ್ತು.

“ಇದನ್ನ ಹೇಳಿದ್ರೆ ಅವತ್ತೇ ಮುಗೀತಿತ್ತಲ್ರೀ! ಕೆಲಸ ಹೋದ್ರೂ ಹೋಗ್ಲಿ ಅಂತ ಸುಮ್ಮನಿದ್ರಾ?”

“ಊರು ನಿಮ್ಮನ್ನ ನೋಡಿ ನಗೋದು ಬೇಡ ಅನ್ನಿಸ್ತು.”

ಅವಳ ಕಣ್ಣು ತುಂಬಿತು. ಕೋಟಿನ ತೋಳಿನಿಂದಲೇ ಒರೆಸಿಕೊಂಡಳು. “ನಡೀರಿ ಒಳಗೆ. ಸಾಹೇಬ್ರಿಗೆ ನಾನೇ ಹೇಳ್ತೀನಿ. ಊರು ನಕ್ಕರೆ ನಗ್ಲಿ.”

ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. “ಅಜ್ಜಿಗೊಂದು ಬೇಜಾರು. ನೀವು ನಕ್ರಂತೆ, ಉತ್ತರ ಮಾತ್ರ ಹೇಳ್ಲಿಲ್ವಂತೆ.”

“ಆಗ ನಿಮ್ಮನ್ನ ನೋಡಿರ್ಲಿಲ್ಲ.”

“ಈಗ?”

ನಾನು ನಕ್ಕೆ. ಫೋಟೋದಲ್ಲಿ ನಕ್ಕಂತೆಯೇ ನಕ್ಕೆ.

“ಹಲ್ಲು ಬಿಟ್ಟಿದ್ದು ಸಾಕು, ಬಾಯಿಬಿಟ್ಟು ಹೇಳಿ,” ಅಂದಳು.

ಹೇಳಿದೆ.